ಕುರ್ಚಿಯಣ್ಣನ ಮೂಗು

ಸೋಪು ಹಚ್ಚುವುದು ಮೊದಲಿನಿಂದಲೂ ನನ್ನ ಕೆಲಸವಾಗಿರಲಿಲ್ಲ. ನೆಪ ಹೇಳುತ್ತಿದ್ದಾನೆ ಎಂದುಕೊಂಡರೂ ಸರಿಯೆ, ಇದನ್ನು ಹೇಳಿಯೇ ಮುಂದಿನ ಮಾತು. ಮೂವತ್ತೊಂದು ವರ್ಷ ನಾನು ಅಚ್ಚು ತೆಗೆದಿದ್ದೇನೆ, ನನ್ನ ಹೆಂಡತಿ ಅಚ್ಚಿನೊಳಗೆ ಸೋಪು ಹಚ್ಚಿದ್ದಾಳೆ. ಅವಳು ನನ್ನ ಕೆಲಸಕ್ಕೆ ಕೈ ಹಾಕಿದವಳಲ್ಲ, ನಾನು ಅವಳ ಬ್ರಷ್ಷು ಮುಟ್ಟಿದವನಲ್ಲ. ಸಂಸಾರ ಹೇಗೋ ಹಾಗೆಯೇ ಕೆಲಸವೂ ನಡೆದುಕೊಂಡು ಬಂದಿತ್ತು.

ನಮ್ಮ ಬಳಗದ ವಿಷಯ ಸ್ವಲ್ಪ ಹೇಳಬೇಕು. ಟೈರ್ ಅಂಗಡಿಯ ಮೇಲಿರುವ ಉದ್ದನೆಯ ಕೋಣೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಹತ್ತು ಹನ್ನೆರಡು ಜನ ಸೇರುತ್ತಾರೆ. ನಡುವೆ ಒಬ್ಬ ಮನುಷ್ಯನನ್ನು ಕುರ್ಚಿಯಲ್ಲಿ ಕೂರಿಸಿ, ಸುತ್ತ ನಿಂತು, ಅವನ ತಲೆಯನ್ನು ಜೇಡಿಮಣ್ಣಿನಲ್ಲಿ ಮಾಡುತ್ತಾರೆ. ಒಬ್ಬರು ಹಲ್ಲಿನ ಡಾಕ್ಟರು, ಒಬ್ಬರು ರಿಟೈರಾದ ಪೋಸ್ಟ್‌ಮಾಸ್ಟರು, ಒಬ್ಬ ದರ್ಜಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಅಕ್ಕತಂಗಿಯರಿಬ್ಬರು, ಹೀಗೆ. ವಾರವೆಲ್ಲ ದುಡಿದು ದಣಿದವರು ಶನಿವಾರ ಇಲ್ಲಿಗೆ ಬಂದು ಇನ್ನೊಂದಿಷ್ಟು ದಣಿಯುತ್ತಾರೆ. ಅವರನ್ನು ಶಿಲ್ಪಿಗಳು ಎಂದು ಊರಿನಲ್ಲಿ ಯಾರೂ ಕರೆಯುವುದಿಲ್ಲ, ಅವರವರೇ ಕರೆದುಕೊಳ್ಳುತ್ತಾರೆ. ನಾನು ಅದೂ ಅಲ್ಲ. ಮಣ್ಣು ಹದ ಮಾಡುವವನು, ಕೋಣೆ ಗುಡಿಸುವವನು, ಯಾರದ್ದಾದರೂ ಕೆಲಸ ಉಳಿಯಬೇಕು ಎಂದು ಎಲ್ಲರಿಗೂ ಅನ್ನಿಸಿದಾಗ ಅದರ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರಕ ಹೊಯ್ದು ಕೊಡುವವನು. ಅದಕ್ಕೇ ನನಗೆ ಅಚ್ಚಣ್ಣ ಎಂದು ಹೆಸರು ಬಿದ್ದಿದೆ.

ಹಾಗೆ ಉಳಿಯುವುದು ವರ್ಷಕ್ಕೆ ಒಂದೋ ಎರಡೋ. ಮಿಕ್ಕದ್ದೆಲ್ಲ ತೊಟ್ಟಿಗೆ. ಬಳಗದ ಪದ್ಧತಿಯೇ ಅದು. ಒಂದು ತಲೆಗೆ ನಾಲ್ಕು ಶನಿವಾರ. ನಾಲ್ಕನೆಯ ಶನಿವಾರ ಸಂಜೆ ಎಲ್ಲರೂ ಒಂದು ಸುತ್ತು ಹಾಕಿ, ಒಬ್ಬರದನ್ನೊಬ್ಬರು ನೋಡಿ, ಬಾಯಿತುಂಬ ಹೊಗಳಿ, ಆಮೇಲೆ ತಮ್ಮ ತಮ್ಮ ತಲೆಯನ್ನು ತಾವೇ ತಂತಿಯಿಂದ ಕೊಯ್ದು ಮಣ್ಣಿನ ತೊಟ್ಟಿಗೆ ಹಾಕುತ್ತಾರೆ. ನಾನು ನೀರು ಚಿಮುಕಿಸಿ ಒದ್ದೆ ಗೋಣಿ ಮುಚ್ಚುತ್ತೇನೆ. ಮುಂದಿನ ತಿಂಗಳು ಅದೇ ಮಣ್ಣು, ಅದೇ ಮನುಷ್ಯ.

ಅದೇ ಮನುಷ್ಯ ಅಂದರೆ ಕುರ್ಚಿಯಣ್ಣ. ಬಸ್ ಕಂಡಕ್ಟರಾಗಿದ್ದವರು. ಜೀವಮಾನವೆಲ್ಲ ನಿಂತು ದುಡಿದದ್ದಾಯಿತು, ಇನ್ನು ಕೂತು ಮಾಡುವ ಕೆಲಸವಿದ್ದರೆ ಹೇಳು ಎಂದು ದರ್ಜಿಯ ಹತ್ತಿರ ತಮಾಷೆಗೆ ಅಂದಿದ್ದರಂತೆ. ಅವನು ಮರುವಾರವೇ ಕರೆದುಕೊಂಡು ಬಂದು ಕೂರಿಸಿಬಿಟ್ಟ. ಹತ್ತೊಂಬತ್ತು ವರ್ಷ ಕೂತರು. ಇಪ್ಪತ್ತು ನಿಮಿಷ ಕೂರುವುದು, ಐದು ನಿಮಿಷ ಬಿಡುವು. ಗಡಿಯಾರ ನೋಡುವ ಗೊಡವೆಯೇ ಇರಲಿಲ್ಲ. ಸರಿಯಾಗಿ ಇಪ್ಪತ್ತನೆಯ ನಿಮಿಷಕ್ಕೆ, ತಲೆ ಅಲ್ಲಾಡಿಸದೆ, ತುಟಿ ಮಾತ್ರ ಬಿಚ್ಚಿ, "ಇಳೀಬಹುದಾ?" ಎನ್ನುತ್ತಿದ್ದರು. ಯಾರಾದರೂ "ಇಳೀರಣ್ಣ" ಎನ್ನುವವರೆಗೆ ಕದಲುತ್ತಿರಲಿಲ್ಲ. ಹೆಚ್ಚಾಗಿ ಕೇಳುತ್ತಿದ್ದದ್ದು ನನ್ನನ್ನೇ. ಉಳಿದವರೆಲ್ಲ ಮೊಣಕೈವರೆಗೆ ಮಣ್ಣು ಮಾಡಿಕೊಂಡು ಲೋಕ ಮರೆತಿರುತ್ತಿದ್ದರು, ತೊಟ್ಟಿಯ ಪಕ್ಕ ಬರಿಗೈಯಲ್ಲಿ ನಿಂತಿರುತ್ತಿದ್ದವನು ನಾನೊಬ್ಬನೇ.

ಅವರ ಮೂಗು ಇಡೀ ಬಳಗಕ್ಕೆ ತಲೆನೋವಾಗಿತ್ತು. ನೋಡಿದರೆ ಸಾಧಾರಣ ಮೂಗು. ಮಾಡಲು ಹೋದರೆ ಕೈಗೆ ಸಿಗುತ್ತಿರಲಿಲ್ಲ. ಮುಖ ಮಾಡುವವರಿಗೆಲ್ಲ ಒಂದು ಚಟವಿದೆ, ಎದುರಿನವರ ಮುಖಕ್ಕೆ ತಮ್ಮ ಮೂಗು ಇಟ್ಟುಬಿಡುತ್ತಾರೆ. ಬೇಕೆಂದು ಅಲ್ಲ. ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡಿಕೊಳ್ಳುವ ಮೂಗು ಅದೇ ತಾನೆ, ಬೆರಳಿಗೂ ಅದೇ ಬರುತ್ತದೆ. ಡಾಕ್ಟರು ಮಾಡಿದ ಕುರ್ಚಿಯಣ್ಣನಿಗೆ ಡಾಕ್ಟರ ಗಿಣಿಮೂಗು, ಪೋಸ್ಟ್‌ಮಾಸ್ಟರು ಮಾಡಿದವನಿಗೆ ಅವರದೇ ಮೊಂಡುಮೂಗು. "ನಂಗೆ ಎಷ್ಟೊಂದು ಜನ ಅಣ್ಣತಮ್ಮಂದಿರು ನೋಡಿ" ಎಂದು ಅಣ್ಣ ಬಿಡುವಿನಲ್ಲಿ ಸುತ್ತು ಹೊಡೆದು ನಗುತ್ತಿದ್ದರು. ಸರಿಯಾಗಿ ಹಿಡಿದವರು ಒಬ್ಬರೇ, ಟೀಚರ್.

ಬಳಗವನ್ನು ಕಟ್ಟಿದ್ದೇ ಈ ಟೀಚರ್. ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದವರು, ಈಗ ಎಪ್ಪತ್ತೆಂಟು. ಮೂರು ವರ್ಷದಿಂದ ಕಣ್ಣಿನ ನಡುಭಾಗ ಮಬ್ಬಾಗಿ ಅಂಚು ಮಾತ್ರ ಕಾಣುತ್ತದೆ. "ಎದುರಿಗೆ ನಿಂತವರ ಕಿವಿ ಕಾಣುತ್ತೆ, ಮುಖ ಕಾಣಲ್ಲ" ಎಂದು ಬಸ್ಸು ತಪ್ಪಿತು ಅನ್ನುವಷ್ಟೇ ಹಗುರವಾಗಿ ಹೇಳಿದ್ದರು. ಆದರೂ ಬರುವುದನ್ನು ಬಿಡಲಿಲ್ಲ. ಒಂದು ತಲೆಯನ್ನು ಇನ್ನೂ ಅರ್ಧ ಮಾಡಿರುವಾಗಲೇ, ಮೂರನೆಯ ಶನಿವಾರ, ಕುರ್ಚಿ ಖಾಲಿ ಇತ್ತು. ಅಣ್ಣ ಗುರುವಾರ ಮಲಗಿದವರು ಏಳಲಿಲ್ಲ. ಎಲ್ಲರೂ ತಮ್ಮ ತಮ್ಮ ಅರ್ಧ ತಲೆಗಳನ್ನು ತೊಟ್ಟಿಗೆ ಹಾಕಿದರು. ಟೀಚರ್ ಹಾಕಲಿಲ್ಲ. ಐದು ವಾರ, ಖಾಲಿ ಕುರ್ಚಿಯ ಎದುರು, ಬೆರಳಿನಲ್ಲೇ ಹುಡುಕಿ ಹುಡುಕಿ ಮುಗಿಸಿದರು. ಸುಸ್ತಾದ ರೆಪ್ಪೆ, ಗಟ್ಟಿ ಹಿಡಿದ ತುಟಿ, ನಡುವೆ ಆ ಮೂಗು. ಇಡೀ ಬಳಗ ಸುತ್ತ ನಿಂತು ನೋಡಿತು. ಅಕ್ಕತಂಗಿಯರಲ್ಲಿ ಚಿಕ್ಕವರು ಅತ್ತೇಬಿಟ್ಟರು.

"ಇದನ್ನ ತೊಟ್ಟಿಗೆ ಹಾಕಬೇಡ" ಎಂದರು ಟೀಚರ್ ನನಗೆ. "ಅಚ್ಚು ತೆಗಿ. ಇಡೀ ತಲೆ ಮಾಡೋ ಶಕ್ತಿ ನನಗೆ ಇನ್ನಿಲ್ಲ, ಇದೇ ಕೊನೇದು. ಮುಂದಿನ ತಿಂಗಳು ಮೊದಲನೇ ಭಾನುವಾರ ಬರ್ತೀನಿ. ಮುಟ್ಟಿ ನೋಡಬೇಕು."

ಟೀಚರ್ ತಮ್ಮ ತಲೆಗಳನ್ನು ಅಲ್ಲಿಯವರೆಗೆ ಒಂದನ್ನೂ ಉಳಿಸಿರಲಿಲ್ಲ, ಫೋಟೋ ತೆಗೆಯಲೂ ಬಿಟ್ಟಿರಲಿಲ್ಲ; ಮಿಕ್ಕವರದು ಒಂದಿಷ್ಟು ಉಳಿದಿದ್ದರೂ ಮೂಗು ಅವರವರದೇ. ಹತ್ತೊಂಬತ್ತು ವರ್ಷದಲ್ಲಿ ಕುರ್ಚಿಯಣ್ಣನದೇ ಮುಖ ಎಂದು ಉಳಿಯುವುದು ಅದೊಂದೇ ಆಗಿತ್ತು. ಫೋಟೋ ಇರಲಿಲ್ಲವೇ ಎಂದರೆ, ಆಲ್ಬಮ್ಮಿನ ತುಂಬ ಇದ್ದದ್ದು ನಮ್ಮ ಮಣ್ಣಿನ ತಲೆಗಳ ಫೋಟೋಗಳೇ. ಹಿಂದೆ ಎಲ್ಲೋ ಕುರ್ಚಿಯಲ್ಲಿ ಮಸುಕಾಗಿ ಒಬ್ಬ ಮನುಷ್ಯ ಕೂತಿರುತ್ತಿದ್ದ. ಯಾರಿಗೂ ಅವನ ಕಡೆ ಕ್ಯಾಮೆರಾ ತಿರುಗಿಸಬೇಕು ಅನ್ನಿಸಿರಲಿಲ್ಲ.

ಅಚ್ಚಿನ ಕೆಲಸ ಹೇಗೆಂದರೆ, ಮಣ್ಣಿನ ತಲೆಯ ಮೇಲೆ ಮೊದಲು ತೆಳುವಾಗಿ ನೀಲಿ ಪ್ಲಾಸ್ಟರ್ ಎರಚಬೇಕು. ಬಟ್ಟೆಗೆ ಹಾಕುವ ನೀಲಿಯನ್ನೇ ಕಲಸುತ್ತೇನೆ. ಅದರ ಮೇಲೆ ದಪ್ಪಗೆ ಬಿಳಿ ಪ್ಲಾಸ್ಟರ್. ಗಟ್ಟಿಯಾದ ಮೇಲೆ ಎರಡು ಹೋಳು ಮಾಡಿ ಬಿಡಿಸಿ, ಒಳಗಿನ ಮಣ್ಣನ್ನು ಕೆದಕಿ ತೆಗೆದರೆ ತಲೆ ಇದ್ದ ಕಡೆ ಟೊಳ್ಳು ಉಳಿಯುತ್ತದೆ. ಮಣ್ಣಿನ ತಲೆ ಅಲ್ಲಿಗೆ ಹೋಯಿತು. ಆ ಟೊಳ್ಳಿನ ಒಳಮೈಗೆಲ್ಲ ಸೋಪಿನ ನೀರು ಹಚ್ಚಿ, ಹೋಳು ಜೋಡಿಸಿ ಕಟ್ಟಿ, ಹೊಸ ಪ್ಲಾಸ್ಟರ್ ಹೊಯ್ಯಬೇಕು. ಮರುದಿನ ಹೊರಗಿನ ಅಚ್ಚನ್ನು ಉಳಿಯಿಂದ ಒಡೆದು ತೆಗೆಯುವುದು. ನೀಲಿ ಕಂಡಿತೆಂದರೆ ಹುಷಾರು, ಕೆಳಗೇ ಮುಖವಿದೆ ಎಂದು ಅರ್ಥ. ಸೋಪು ಇದ್ದರೆ ನೀಲಿ ಪದರ ಬೇಯಿಸಿದ ಮೊಟ್ಟೆಯ ಸಿಪ್ಪೆಯ ಹಾಗೆ ಬಿಟ್ಟುಕೊಳ್ಳುತ್ತದೆ. ಸೋಪು ಇಲ್ಲದಿದ್ದರೆ ಅಚ್ಚೂ ಎರಕವೂ ಸೇರಿ ಒಂದೇ ಕಲ್ಲು.

ಹೆಂಡತಿಗೆ ಆರು ತಿಂಗಳಿನಿಂದ ಮಂಡಿ ಕೈಕೊಟ್ಟಿತ್ತು. ಟೈರ್ ಅಂಗಡಿಯ ಪಕ್ಕದ ಆ ಕಡಿದಾದ ಮೆಟ್ಟಿಲು ಹತ್ತುವುದು ಅವಳಿಂದ ಆಗದ ಮಾತು. ಈ ಆರು ತಿಂಗಳಲ್ಲಿ ಬೇರೆ ಅಚ್ಚೂ ಬಂದಿರಲಿಲ್ಲ. "ಯಾರನ್ನಾದ್ರೂ ಜೊತೆಗೆ ಕರ್ಕೊಳ್ಳಿ" ಎಂದಳು. ಮೂವತ್ತೊಂದು ವರ್ಷ ಮಾಡಿದವನಿಗೆ ಜೊತೆ ಯಾಕೆ ಎಂದೆ. ಒಬ್ಬನೇ ಹೋಗಿ, ನೀಲಿ ಎರಚಿ, ಬಿಳಿ ಹಾಕಿ, ಬಿಡಿಸಿ, ಮಣ್ಣು ತೆಗೆದು, ತೊಳೆದು, ಇಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಸ್ಟೂಲಿನ ಮೇಲೆ ಕೂತು ನೀರು ಕುಡಿದೆ. ಈ ಹೊತ್ತಿನಲ್ಲಿ ನಾನು ಯಾವಾಗಲೂ ಕೂತು ನೀರು ಕುಡಿಯುತ್ತೇನೆ, ಯಾಕೆಂದರೆ ಈ ಹೊತ್ತಿನಲ್ಲಿ ಅವಳು ಸೋಪು ಹಚ್ಚುತ್ತಿರುತ್ತಾಳೆ. ನೀರು ಕುಡಿದು ಮುಗಿಸಿದರೆ ನನ್ನ ಲೆಕ್ಕದಲ್ಲಿ ಸೋಪೂ ಮುಗಿದಂತೆ. ಎದ್ದೆ, ಹೋಳು ಜೋಡಿಸಿ ಕಟ್ಟಿದೆ, ಪ್ಲಾಸ್ಟರ್ ಹೊಯ್ದೆ.

ಸಂಜೆ ಮನೆಗೆ ಬಂದು ಊಟಕ್ಕೆ ಕೂತಿದ್ದೆ. ಅವಳು ಗೋಡೆಗೆ ಒರಗಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ಹೊಯ್ದಾಯ್ತಾ?"

"ಆಯ್ತು."

"ಸೋಪು ಎಷ್ಟು ಸಲ ಹಚ್ಚಿದ್ರಿ? ಮೂಗಿನ ಹೊಳ್ಳೆ ಒಳಗೆ ಸರಿಯಾಗಿ ಇಳಿಯಲ್ಲ, ಅಲ್ಲಿ ಸಣ್ಣ ಬ್ರಷ್ ತಗೋಬೇಕು."

ತುತ್ತು ಕೈಯಲ್ಲೇ ಉಳಿಯಿತು. ಅವಳು ನನ್ನ ಮುಖ ನೋಡಿದಳು. ಎಣ್ಣೆ ತಿಕ್ಕುವುದನ್ನು ನಿಲ್ಲಿಸಿದಳು. "ನಾನು ಹೇಗಾದ್ರೂ ಮಾಡಿ ಬರಬೇಕಿತ್ತು" ಎಂದಳು. ಅವಳು ಬೈದಿದ್ದರೆ ತಿರುಗಿ ನಾಲ್ಕು ಮಾತು ಆಡಬಹುದಿತ್ತು. ತಟ್ಟೆ ಸರಿಸಿ ಕೈ ತೊಳೆಯಲು ಎದ್ದೆ.

ಮರುದಿನ ಬಾಗಿಲು ಹಾಕಿಕೊಂಡು ಉಳಿ ಹಿಡಿದೆ. ಹೊರಗಿನ ಬಿಳಿ ಎಂದಿನಂತೆ ಚೂರುಚೂರಾಗಿ ಬಂತು. ನೀಲಿ ಕಂಡ ಮೇಲೆ ಉಳಿಯ ತುದಿಯಿಂದ ಮೆಲ್ಲಗೆ ತಟ್ಟಿದೆ. ಏನೂ ಆಗಲಿಲ್ಲ. ಇನ್ನೊಂದು ಕಡೆ ತಟ್ಟಿದೆ. ಸಿಪ್ಪೆ ಬಿಡುವ ಆ ಟಪ್ಪೆಂಬ ಸದ್ದಿಗೆ ಕಿವಿ ಕಾಯುತ್ತಿತ್ತು. ಬರಲಿಲ್ಲ. ನನ್ನ ಮುಂದೆ ಇದ್ದದ್ದು ಒಂದು ನೀಲಿ ಗುಂಡು, ಅದರೊಳಗೆಲ್ಲೋ ಕುರ್ಚಿಯಣ್ಣ.

ಉಳಿದ ದಾರಿ ಒಂದೇ. ನೀಲಿಯನ್ನು ಹೆರೆದು ಹೆರೆದು, ಬಿಳಿ ಕಂಡ ಕಡೆ ನಿಲ್ಲಿಸುವುದು. ನೀಲಿ ಮುಗಿದು ಬಿಳಿ ಶುರುವಾಗುವ ಗೆರೆಯೇ ಟೀಚರ್ ಬೆರಳಿಟ್ಟ ಜಾಗ. ಕೂದಲೆಳೆಯಷ್ಟು ಮುಂದೆ ಹೋದರೂ ಅದು ಅವರ ಕೈ ಅಲ್ಲ, ನನ್ನ ಉಳಿ. ದಿನಕ್ಕೆ ಅಂಗೈಯಗಲ ಆದರೆ ಹೆಚ್ಚು. ಕಣ್ಣು ಉರಿಯುತ್ತಿತ್ತು, ಕತ್ತು ಮರಗಟ್ಟುತ್ತಿತ್ತು. ಅರವತ್ತಾರನೆಯ ವಯಸ್ಸಿನಲ್ಲಿ ಯಾರಿಗೆ ಬೇಕಾಗಿತ್ತು ಈ ಪಾಡು ಎಂದು ಬಾಯಿಬಿಟ್ಟೇ ಗೊಣಗುತ್ತಿದ್ದೆ. ಟೀಚರಿಗೆ ಫೋನು ಮಾಡಿ ನಿಜ ಹೇಳಿಬಿಡೋಣ ಎಂದು ದಿನಕ್ಕೆರಡು ಸಲ ಅನ್ನಿಸುತ್ತಿತ್ತು. ನಿಜ ಹೇಳುವುದಕ್ಕೂ ಮೈಯಲ್ಲಿ ಒಂದಿಷ್ಟು ಶಕ್ತಿ ಬೇಕು, ನನಗೆ ಅದು ಸಂಜೆಯ ಹೊತ್ತಿಗೆ ಉಳಿಯುತ್ತಿರಲಿಲ್ಲ. ಹೇಳದೆಯೇ ಪಾರಾಗಬಹುದು ಎಂಬ ಆಸೆಯೂ ಇತ್ತು, ಸುಳ್ಳೇಕೆ. ಒಂದು ಎರಕವನ್ನೂ ಕೆಡಿಸದವನು ಎಂದು ಹೆಸರು ತೆಗೆದುಕೊಂಡವನು ನಾನು.

ನಾಲ್ಕು ದಿನದಲ್ಲಿ ನೆತ್ತಿ, ಹಣೆ, ಎರಡು ಕೆನ್ನೆ ಬಂದವು. ಪರವಾಗಿಲ್ಲ ಅನ್ನುವ ಹಾಗೆಯೇ ಬಂದವು. ಐದನೆಯ ದಿನ ಮೂಗಿನ ಪಕ್ಕ ಉಳಿ ಇಟ್ಟು ಒಂದೇ ಒಂದು ಏಟು ಹಾಕಿದೆ. ಮುಷ್ಟಿ ಗಾತ್ರದ ಚೂರು ಕಳಚಿ ನೆಲಕ್ಕೆ ಬಿದ್ದು ಪುಡಿಯಾಯಿತು. ಕೆಳಗೆ ಟೈರಿಗೆ ಗಾಳಿ ತುಂಬುವ ಮೋಟರು ಗುರ್ರೆಂದು ಶುರುವಾದದ್ದು ಅದಾದ ಮೇಲೆ. ಮೋಟರಿಗೆ ಬೆಚ್ಚಿ ಕೈ ತಪ್ಪಿತು ಎಂದು ಹೇಳಬಹುದಿತ್ತು, ಆದರೆ ಮೊದಲು ಬಿದ್ದದ್ದು ಚೂರು. ಬಗ್ಗಿ ನೋಡಿದೆ. ನೀಲಿ ಪುಡಿಯ ನಡುವೆ ಒಂದಿಷ್ಟು ಬಿಳಿ ಪುಡಿ. ಅಣ್ಣನ ಮುಖದಲ್ಲಿ ಮೂಗಿದ್ದ ಕಡೆ ಒಂದು ಗಾಯ.

ಅಷ್ಟು ಹೊತ್ತಿಗೆ ಹಲ್ಲಿನ ಡಾಕ್ಟರು ಮರೆತು ಹೋದ ಏಪ್ರನ್ನು ತೆಗೆದುಕೊಂಡು ಹೋಗಲು ಬಂದು ಬಾಗಿಲು ಬಡಿದರು. ತೆಗೆಯದೆ ವಿಧಿಯಿರಲಿಲ್ಲ. ಒಳಗೆ ಬಂದು ನೋಡಿ ನಿಂತುಬಿಟ್ಟರು.

"ಏನ್ರೀ ಇದು ಅಚ್ಚಣ್ಣ."

"ಸೋಪು ಹಚ್ಚೋದು ಮರೆತೆ ಡಾಕ್ಟ್ರೇ."

ಅವರು ಕನ್ನಡಕ ಬದಲಾಯಿಸಿ ಹತ್ತಿರ ಬಂದು, ಬಾಯಿ ತೆರೆದವರನ್ನು ನೋಡುವ ಹಾಗೆ ಆ ಗಾಯವನ್ನು ನೋಡಿದರು. "ಬುಡ ಗಟ್ಟಿಯಾಗಿದೆ. ಎರಡು ಕಡ್ಡಿ ಕೂರಿಸಿ ಕಟ್ಟಬಹುದು" ಎಂದರು. ಮಧ್ಯಾಹ್ನ ಕ್ಲಿನಿಕ್ಕಿನಿಂದ ಹಳೆಯ ಸಲಕರಣೆಗಳ ಒಂದು ಡಬ್ಬಿ ತಂದುಕೊಟ್ಟರು. ಹಲ್ಲಿನ ಸಂದಿ ಕೆದಕುವ ಆ ಕೊಕ್ಕೆಗಳು ಕಿವಿಯ ಸುತ್ತಿನ ನೀಲಿ ತೆಗೆಯಲು ಎಷ್ಟು ಚೆನ್ನಾಗಿ ಬಂದವೆಂದರೆ, ಇಷ್ಟು ವರ್ಷ ಯಾಕೆ ಕೇಳಲಿಲ್ಲವೋ ಅನ್ನಿಸಿತು. ಯಾರಿಗೂ ಹೇಳುವುದಿಲ್ಲ ಎಂದು ತಾವಾಗಿಯೇ ಮಾತು ಕೊಟ್ಟು ಹೋದರು.

ಈಗ ಮೂಗು ಮಾಡುವವರು ಯಾರು? ಟೀಚರ್ ಬರುವ ಭಾನುವಾರಕ್ಕೆ ಇನ್ನು ಎರಡೇ ದಿನ. ಶನಿವಾರ ಟೀಚರ್ ಒಬ್ಬರನ್ನು ಬಿಟ್ಟು ಬಳಗವೆಲ್ಲ ಸೇರಿತು. ಕುರ್ಚಿ ಖಾಲಿ ಬಿಟ್ಟು, ಒಬ್ಬರ ಕೈಯನ್ನೊಬ್ಬರು ನೋಡಿ ಮಣ್ಣಿನಲ್ಲಿ ಮಾಡುತ್ತಿದ್ದರು. ತಲೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಎಲ್ಲರಿಗೂ ಚಹಾ ಕೊಡುತ್ತ, ಏನೋ ನೆನಪಾದವನ ಹಾಗೆ, ಕುರ್ಚಿಯಣ್ಣನ ಮೂಗು ಸರಿಯಾಗಿ ಹೇಗಿತ್ತು ಎಂದು ಕೇಳಿದೆ.

"ಇಲ್ಲಿ ಸ್ವಲ್ಪ ಉಬ್ಬು" ಎಂದರು ಡಾಕ್ಟರು, ತಮ್ಮ ಮೂಗಿನ ಉಬ್ಬು ಮುಟ್ಟಿಕೊಂಡು.

"ಎಲ್ಲಿ ಉಬ್ಬು? ನೇರ ಇತ್ತು" ಎಂದ ದರ್ಜಿ, ತನ್ನ ಮೂಗನ್ನು ಮೇಲಿನಿಂದ ಕೆಳಗೆ ಸವರಿಕೊಂಡು.

"ತುದಿ ಗಿಡ್ಡ" ಎಂದರು ಪೋಸ್ಟ್‌ಮಾಸ್ಟರು. ಅವರ ಬೆರಳು ಎಲ್ಲಿತ್ತು ಎಂದು ಹೇಳಬೇಕಾಗಿಲ್ಲ. ಅಕ್ಕತಂಗಿಯರು ಒಂದೇ ಮೂಗಿನವರು, ಒಂದೇ ಮಾತು ಹೇಳಿದರು, ಒಂದೇ ಜಾಗ ಮುಟ್ಟಿಕೊಂಡರು. ಹತ್ತೊಂಬತ್ತು ವರ್ಷ ಆ ಮನುಷ್ಯನ ಸುತ್ತ ನಿಂತು ಇವರು ನೋಡಿದ್ದಾದರೂ ಏನನ್ನು ಎಂದು ನನಗೆ ಸಿಟ್ಟು ಬಂತು. ಆಮೇಲೆ ನಾನೇ ನೆನಪಿಸಿಕೊಳ್ಳಲು ಹೋದೆ. ಎದುರಿಗೆ ತಂದುಕೊಂಡು ನೋಡಿದರೆ ಹಣೆ ಬಂತು, ತುಟಿ ಬಂತು, ನಡುವೆ ಏನೂ ಇಲ್ಲ. ಅವರ ಹಳೆಯ ಗುರುತಿನ ಚೀಟಿಯೊಂದು ದರ್ಜಿಯ ಹತ್ತಿರ ಇತ್ತು, ತರಿಸಿ ನೋಡಿದೆ. ಎದುರಿನಿಂದ ತೆಗೆದ ಫೋಟೋದಲ್ಲಿ ಮೂಗೆಂದರೆ ಎರಡು ತೂತು.

ಎಲ್ಲರೂ ಹೋದ ಮೇಲೆ ಬೀರು ತೆಗೆದು, ಡಾಕ್ಟರು ಹೇಳಿದ ಹಾಗೆ ಎರಡು ಕಡ್ಡಿ ಕೂರಿಸಿ, ಬುಡ ಒದ್ದೆ ಮಾಡಿ, ಪ್ಲಾಸ್ಟರನ್ನು ಚಿಟಿಕೆ ಚಿಟಿಕೆಯಾಗಿ ಕಟ್ಟಿದೆ. ಬಿಗಿದ ಮೇಲೆ ಕೆತ್ತಿದೆ. ಜೀವನದಲ್ಲಿ ಬೇರೆಯವರು ಮಾಡಿದ್ದನ್ನು ಇದ್ದ ಹಾಗೇ ತೆಗೆದುಕೊಟ್ಟವನೇ ಹೊರತು ಎದುರಿಗಿಲ್ಲದ್ದನ್ನು ಮಾಡಿದವನಲ್ಲ ನಾನು. ಆದರೂ ಬಂತು. ದೀಪ ಹಾಕುವ ಹೊತ್ತಿಗೆ ನೋಡಿದರೆ ಮೂಗಿನ ಹಾಗೇ ಇತ್ತು, ಮುಖಕ್ಕೆ ಹೊಂದಿಕೊಂಡ ಹಾಗೂ ಇತ್ತು. ಗಟ್ಟಿಮುಟ್ಟಾದ ಮೂಗು.

ಮನೆಯಲ್ಲಿ ಹೆಂಡತಿ ಕೇಳಿದಳು, "ಟೀಚರಿಗೆ ಹೇಳ್ತೀರಾ?"

"ಮುಟ್ಟಿದ್ರೆ ಗೊತ್ತಾಗಲ್ಲ ಬಿಡು."

"ಗೊತ್ತಾಗಲಿ ಬಿಡಲಿ. ಅವರು ಹೋಗೋ ಮುಂಚೆ ನೀವು ಹೇಳದೆ ಇದ್ರೆ ನಾನೇ ಆ ಮೆಟ್ಟಿಲು ಹತ್ತಿ ಬಂದು ಹೇಳ್ತೀನಿ."

"ಹತ್ತಿದ್ರೆ ಇಳಿಸೋರು ಯಾರು?"

"ಅದು ನಿಮ್ಮ ಹಣೆಬರಹ" ಎಂದು ಮಗ್ಗುಲಾದಳು. ತಮಾಷೆ ಮಾಡುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಟೈರ್ ಅಂಗಡಿಗೆ ರಜೆ. ಬೀದಿ ಸದ್ದಿಲ್ಲದೆ ಇತ್ತು. ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆ, ನಡುವೆ ನಿಂತು ಸುಧಾರಿಸಿಕೊಳ್ಳುವುದು ಕೇಳಿಸಿದಾಗ ಹೆಂಡತಿ ನಿಜವಾಗಿಯೂ ಬಂದಳೇ ಎಂದು ಜೀವ ಹಾರಿತು. ಟೀಚರ್ ಬಂದಿದ್ದರು. ಆಟೋದವನು ಮೆಟ್ಟಿಲ ಬುಡದವರೆಗೆ ಬಿಟ್ಟು ಹೋಗಿದ್ದ. ಕೈ ಹಿಡಿದು ಕರೆತಂದು ಸ್ಟೂಲಿನ ಮೇಲೆ ಕೂರಿಸಿದೆ. ತಲೆಯನ್ನು ಅವರ ಎದುರಿನ ಮೇಜಿನ ಮೇಲೆ ಇಟ್ಟೆ.

ಎರಡೂ ಕೈಯಿಂದ ನೆತ್ತಿ ಹಿಡಿದರು. ಮೆಲ್ಲಗೆ ಹಣೆಗೆ ಇಳಿದರು.

"ಇಲ್ಲಿ ಉಳಿ ತಗುಲಿದೆ."

"ಹೌದು ಟೀಚರ್."

"ಕೆನ್ನೆ ಸರಿ ಇದೆ." ಬೆರಳು ರೆಪ್ಪೆಗಳ ಮೇಲೆ ಹೋಯಿತು, ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಮೂಗಿಗೆ ಬಂತು. ಮೇಲಿನಿಂದ ಕೆಳಗೆ ಬಂತು, ನಿಂತಿತು. ಮತ್ತೆ ಮೇಲೆ ಹೋಗಿ ಮತ್ತೆ ಬಂತು. ಟೀಚರ್ ಬಲಗೈಯನ್ನು ಅಲ್ಲೇ ಬಿಟ್ಟು, ಎಡಗೈಯನ್ನು ಗಾಳಿಯಲ್ಲಿ ಚಾಚಿ ನನ್ನ ಭುಜ ಹುಡುಕಿದರು, ಗಲ್ಲ ಹುಡುಕಿದರು, ಕೇಳದೆ ಮಾಡದೆ ನನ್ನ ಮೂಗು ಹಿಡಿದರು. ಒಂದು ಕೈ ಪ್ಲಾಸ್ಟರಿನ ಮೂಗಿನ ಮೇಲೆ, ಒಂದು ಕೈ ನನ್ನದರ ಮೇಲೆ.

"ಇದು ನಿನ್ನದಲ್ವೇನೋ" ಎಂದರು.

ಎಲ್ಲ ಹೇಳಿದೆ. ನೀರು ಕುಡಿಯಲು ಕೂತದ್ದು, ಸೋಪು, ನೀಲಿ ಹೆರೆದದ್ದು, ಪುಡಿಯಾದದ್ದು. ಬೀರುವಿಗೆ ಬೀಗ ಹಾಕಿದ್ದನ್ನೂ ಹೇಳಿದೆ. ಅವರು ಕೈ ಹಿಂದೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು.

"ಐದು ವಾರ ಹುಡುಕಿದ್ದೆ ಆ ಮೂಗನ್ನ."

"ಗೊತ್ತು ಟೀಚರ್."

"ನಿನ್ನ ಹೆಂಡತಿ ಇಲ್ಲದೆ ಅಚ್ಚಿಗೆ ಯಾಕೆ ಕೈ ಹಾಕ್ದೆ?"

"ಒಬ್ಬನೇ ಮಾಡಬಲ್ಲೆ ಅಂದ್ಕೊಂಡೆ."

ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬಹಳ ದೂರ ನಡೆದು ಬಂದವರ ಹಾಗೆ ಕಾಣುತ್ತಿದ್ದರು. ನನಗೆ ನನ್ನ ಮೇಲೆ ಆದ ಅಸಹ್ಯ ಅಷ್ಟಿಷ್ಟಲ್ಲ. ಕಣ್ಣಿಲ್ಲದವರ ಕೈಗೆ ಸುಳ್ಳು ಮೂಗು ಕೊಟ್ಟು ದಾಟಿಸಿಬಿಡಬಹುದು ಎಂದುಕೊಂಡಿದ್ದೆನಲ್ಲ. ಕಿಟಕಿಯ ಹೊರಗೆ ಯಾರೋ ಸೈಕಲ್ಲು ತಳ್ಳಿಕೊಂಡು ಹೋದ ಸದ್ದಾಯಿತು.

ಟೀಚರ್ ಮತ್ತೆ ಕೈ ಚಾಚಿದರು. ಈ ಸಲ ಮೂಗಿನ ಅಗಲ ಅಳೆದರು, ಎತ್ತರ ಅಳೆದರು, ಬುಡವನ್ನು ಉಗುರಿನಿಂದ ಒತ್ತಿ ನೋಡಿದರು.

"ನಿನ್ನ ಮೂಗು ಬಹಳ ದಪ್ಪ ಕಣೋ."

"ಹೌದು ಟೀಚರ್, ನಮ್ಮಪ್ಪನ ಕಡೆಯಿಂದ ಬಂದದ್ದು."

"ಸದ್ಯ. ದರ್ಜಿಯ ತೆಳು ಮೂಗಾಗಿದ್ರೆ ಏನೂ ಮಾಡೋಕಾಗ್ತಿರ್ಲಿಲ್ಲ. ಇದರೊಳಗೆ ಕುರ್ಚಿಯಣ್ಣನ ಮೂಗು ಹಿಡಿಸುತ್ತೆ. ಅರ ಕೊಡು. ಸಣ್ಣದು."

ಪ್ಲಾಸ್ಟರ್ ಉಜ್ಜುವ ಸಣ್ಣ ಅರ ಕೊಟ್ಟೆ. ತಲೆ ಅಲ್ಲಾಡಬಾರದೆಂದು ಹಿಂದಿನಿಂದ ಬಳಸಿ ಎದೆಗೆ ಒತ್ತಿ ಹಿಡಿದುಕೊಂಡೆ. ಟೀಚರ್ ಒಂದು ಸಲ ಉಜ್ಜುವುದು, ಊದುವುದು, ಬೆರಳಿಟ್ಟು ನೋಡುವುದು. ಹಣೆಯಿಂದ ಇಳಿದು ಬಂದು ನೋಡುವುದು, ಕೆನ್ನೆಯಿಂದ ಹತ್ತಿ ಬಂದು ನೋಡುವುದು. ಮತ್ತೆ ಒಂದು ಸಲ ಉಜ್ಜುವುದು. ಬಿಳಿ ಪುಡಿ ನನ್ನ ತೋಳಿನ ಮೇಲೆ ಉದುರುತ್ತಿತ್ತು. ನನ್ನ ಮೂಗು ಎಳೆ ಎಳೆಯಾಗಿ ಹೋಗುತ್ತಿತ್ತು. ಎಡ ಹೊಳ್ಳೆಯ ಪಕ್ಕ ಬಹಳ ಹೊತ್ತು ನಿಂತರು, ಬಾಯಲ್ಲಿ ಏನೋ ಗುನುಗಿಕೊಂಡರು, ಹೆಂಡತಿ ಸಣ್ಣ ಬ್ರಷ್ ಬೇಕು ಎಂದಿದ್ದ ಜಾಗ ಅದು. ನನ್ನ ಎರಡೂ ತೋಳು ಜೋಮು ಹಿಡಿದವು. ಕೈ ಬದಲಾಯಿಸುತ್ತೇನೆ ಎಂದು ಹೇಳುವ ಧೈರ್ಯವಾಗಲಿಲ್ಲ.

ಕೊನೆಗೆ ಅರ ನಿಂತಿತು.

"ನನ್ನ ಬೆರಳಿಗೆ ಗೊತ್ತಿರೋದು ಇಷ್ಟೇ" ಎಂದರು. "ಸರಿ ಇದೆಯಾ, ನೀನು ನೋಡಿ ಹೇಳು."

"ನನಗೇನು ಗೊತ್ತಾಗುತ್ತೆ ಟೀಚರ್. ನಾನು ಅಚ್ಚಿನವನು."

"ಹತ್ತೊಂಬತ್ತು ವರ್ಷ ಇಳೀಬಹುದಾ ಅಂತ ಯಾರನ್ನ ಕೇಳ್ತಿದ್ದ ಅವನು? ನೋಡು ಹೋಗು."

ತಲೆಯನ್ನು ತೆಗೆದುಕೊಂಡು ಹೋಗಿ ಕುರ್ಚಿಯ ಮೇಲೆ ಇಟ್ಟೆ. ಅಣ್ಣ ಹೋದ ಮೇಲೆ ಆ ಕುರ್ಚಿಯ ಮೇಲೆ ಯಾರೂ ಏನನ್ನೂ ಇಟ್ಟಿರಲಿಲ್ಲ. ಎದುರಿಗೆ ನಿಂತು ನೋಡಿದೆ, ಏನೂ ತಿಳಿಯಲಿಲ್ಲ. ಯಾರೋ ಒಬ್ಬರ ಮುಖ. ಟೀಚರಿಗೆ ಏನು ಹೇಳುವುದೆಂದು ತೋಚದೆ, ಕೈಯ ಪುಡಿ ತೊಳೆದುಕೊಳ್ಳೋಣ ಎಂದು ತೊಟ್ಟಿಯ ಪಕ್ಕದ ನೀರಿನ ಬಕೆಟ್ಟಿನ ಹತ್ತಿರ ಹೋದೆ. ಅಲ್ಲಿಂದ ತಿರುಗಿ ನೋಡಿದೆ.

ನಾನು ಅಣ್ಣನನ್ನು ಎದುರಿನಿಂದ ಯಾವತ್ತು ನೋಡಿದ್ದೆ? ಎದುರಿನಲ್ಲೆಲ್ಲ ಶಿಲ್ಪಿಗಳು ನಿಂತಿರುತ್ತಿದ್ದರು. ನಾನು ನೋಡಿದ್ದೆಲ್ಲ ಇಲ್ಲಿಂದ, ತೊಟ್ಟಿಯ ಪಕ್ಕದಿಂದ, ಕಿಟಕಿಯ ಬೆಳಕು ಆ ಕಡೆಯಿಂದ ಬೀಳುವಾಗ. ಈಗಲೂ ಹಾಗೆಯೇ ಬಿದ್ದಿತ್ತು. ಹಣೆಯಿಂದ ಇಳಿದ ಗೆರೆ ನಡುವೆ ಒಂದಿಷ್ಟು ತಗ್ಗಿ, ಮತ್ತೆ ಎದ್ದು, ತುದಿಯಲ್ಲಿ ಸುಸ್ತಾದ ಹಾಗೆ ಕೆಳಗೆ ಬಾಗಿತ್ತು. ಉಬ್ಬೂ ಅಲ್ಲ, ನೇರವೂ ಅಲ್ಲ. ಅದರ ಕೆಳಗೆ ತುಟಿ ಗಟ್ಟಿ ಹಿಡಿದಿತ್ತು. ಹತ್ತೊಂಬತ್ತನೆಯ ನಿಮಿಷ ದಾಟಿದ್ದ ಮುಖ ಅದು. ಬೆನ್ನು ನೋಯುತ್ತಿದೆ, ಕಾಲು ಜೋಮು ಹಿಡಿದಿದೆ, ಆದರೂ ಯಾರಾದರೂ ಹೇಳುವವರೆಗೆ ಕದಲುವುದಿಲ್ಲ.

ನನಗೆ ಅಳು ಬಂತು. ತೋಳಿನಿಂದ ಮುಖ ಒರೆಸಿಕೊಂಡೆ, ತೋಳಿನ ತುಂಬ ಪ್ಲಾಸ್ಟರ್ ಪುಡಿ ಇತ್ತು.

"ಇಳೀರಣ್ಣ" ಎಂದೆ.

ಟೀಚರ್ ಅರವನ್ನು ಮೇಜಿನ ಮೇಲೆ ಇಟ್ಟರು.